ಸೋಪು, ಸೋಡ, ಗಡಸು ನೀರು: ಹೈಸ್ಕೂಲು ಮಕ್ಕಳಿಗೆ ಉದ್ಯಮದ ದಾರಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯ, ಮೈಸೂರು ಕಡೆಯ ವಿಜ್ಞಾನ ಶಿಕ್ಷಕರು ನನ್ನ ಹತ್ತಿರ ಪದೇಪದೇ ಹೇಳಿಕೊಳ್ಳುವ ಮಾತು ಒಂದೇ. "ಮಕ್ಕಳ ಕೈಲಿ ಸೋಪು ಮಾಡಿಸಿದೆವು. ವಿಜ್ಞಾನ ಮೇಳದಲ್ಲಿ ಎಲ್ಲಾ ಮಾರಾಟವೂ ಆಯಿತು. ಆಮೇಲೆ ಪರೀಕ್ಷೆಯಲ್ಲಿ ಸಾಬೂನೀಕರಣ ಅಂದರೇನು ಅಂತ ಕೇಳಿದರೆ ಅರ್ಧ ತರಗತಿಗೆ ಬರೆಯೋಕೆ ಬರಲಿಲ್ಲ."

ಸಾಬೂನೀಕರಣ ಅಂದರೆ ಎಣ್ಣೆ ಕಾಸ್ಟಿಕ್ ಸೋಡದ ಜೊತೆ ವರ್ತಿಸಿ ಸೋಪಾಗುವ ಕ್ರಿಯೆ. ಸೋಪು ಮಾಡಿದ ಮಕ್ಕಳಿಗೇ ಅದು ಬರೆಯಲು ಬಾರದಿರುವುದಕ್ಕೆ ಕಾರಣ ಹಂತಗಳ ಕ್ರಮ ತಲೆಕೆಳಗಾಗಿರುವುದು. ಬಹಳ ಕಡೆ ಕೆಲಸ ಶುರುವಾಗುವುದೇ ಅಚ್ಚು, ಬಣ್ಣ, ಲೇಬಲ್ಲಿನಿಂದ. ಅಲ್ಲಿ ರಸಾಯನಶಾಸ್ತ್ರಕ್ಕೆ ಜಾಗವೇ ಇರುವುದಿಲ್ಲ. ನಾನು ಪಾಲಿಸುವ ನಿಯಮ ಇದು: ಹಣದ ಲೆಕ್ಕದ ಪುಸ್ತಕ ಮತ್ತು ಪ್ರಯೋಗದ ಪುಸ್ತಕ ಬೇರೆಬೇರೆ ಇರಬಾರದು. ಎಡಗಡೆ ಪುಟದಲ್ಲಿ ರೂಪಾಯಿ, ಬಲಗಡೆ ಪುಟದಲ್ಲಿ ಅದೇ ಸಾಲಿನ ರಾಸಾಯನಿಕ ಕಾರಣ. ಎಣ್ಣೆ ಬದಲಾಯಿಸಿದಿರಾ? ಎಡಗಡೆ ಎಷ್ಟು ಉಳಿಯಿತು, ಬಲಗಡೆ ಏನು ಬದಲಾಯಿತು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಪುಸ್ತಕದ ಸುತ್ತಲೇ ಇವೆ.

ಇದು ಹತ್ತನೇ ತರಗತಿಗೆ. ರಾಸಾಯನಿಕ ಕ್ರಿಯೆಗಳು, ಆಮ್ಲ ಪ್ರತ್ಯಾಮ್ಲ ಲವಣ, ಕಾರ್ಬನ್ ಸಂಯುಕ್ತಗಳು ಅನ್ನುವ ಮೂರು ಅಧ್ಯಾಯ ಇದರಲ್ಲಿ ಬರುತ್ತವೆ. ಹನ್ನೆರಡರಿಂದ ಹದಿನಾಲ್ಕು ಪೀರಿಯಡ್ ಸಾಕು, ಆದರೆ ಒಟ್ಟಿಗೆ ಅಲ್ಲ. ಜುಲೈಯಲ್ಲಿ ಶುರು ಮಾಡಿ, ದಸರಾ ರಜೆಗೆ ಮುಂಚೆ ಸೋಪು ಹುಯ್ಯಿರಿ. ರಜೆಯಲ್ಲಿ ಅದು ತಾನಾಗಿ ಹದವಾಗುತ್ತದೆ. ನವೆಂಬರಿನಲ್ಲಿ ಪರೀಕ್ಷೆ, ಬೆಲೆ, ಮಾರಾಟ.

## ಮೊದಲು ಕೂಡಿಸಿಕೊಳ್ಳಬೇಕಾದದ್ದು

- 0.1 ಗ್ರಾಂವರೆಗೆ ಅಳತೆ ತೋರಿಸುವ ತಕ್ಕಡಿ
- ಸ್ಟೀಲ್ ಅಥವಾ ದಪ್ಪ ಪ್ಲಾಸ್ಟಿಕ್ ಪಾತ್ರೆ, ಸ್ಟೀಲ್ ಕಡೆಗೋಲು
- ಪ್ರಯೋಗಾಲಯದ ಥರ್ಮಾಮೀಟರ್
- ಪಿಹೆಚ್ ಕಾಗದ (ಆಮ್ಲ, ಪ್ರತ್ಯಾಮ್ಲ ಎಷ್ಟು ತೀಕ್ಷ್ಣ ಅಂತ ಬಣ್ಣದಿಂದ ಸಂಖ್ಯೆಯಲ್ಲಿ ತೋರಿಸುವುದು)
- ಎಲ್ಲರಿಗೂ ಕಣ್ಣಿನ ಕನ್ನಡಕ, ಶಿಕ್ಷಕರಿಗೆ ರಬ್ಬರ್ ಕೈಗವಸು
- ಪರೀಕ್ಷಾ ನಳಿಕೆ, ಡ್ರಾಪರ್
- ಕೈಗೆಟುಕುವ ಹಾಗೆ ತುಂಬಿದ ನೀರಿನ ಬಕೆಟ್ ಮತ್ತು ಹರಿಯುವ ನಲ್ಲಿ

ತಕ್ಕಡಿಯಲ್ಲಿ ಉಳಿತಾಯ ಬೇಡ. 5 ಗ್ರಾಂ ಹೆಚ್ಚುಕಮ್ಮಿ ತೋರಿಸುವ ಅಂಗಡಿ ತಕ್ಕಡಿಯಲ್ಲಿ ಕಾಸ್ಟಿಕ್ (ಕಾಸ್ಟಿಕ್ ಸೋಡ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್) ತೂಗಿದರೆ ಚರ್ಮ ಸುಡುವ ಸೋಪು ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ಬರಬಾರದು. ಕಾಸ್ಟಿಕ್ ಅದನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲ ಬಿಡುತ್ತದೆ. ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ಅಚ್ಚಿಗೆ ಅಂತ ಮನೆಯಿಂದ ಇಡ್ಲಿ ತಟ್ಟೆ ತಂದಿದ್ದಳು. ಅದು ಅಲ್ಯೂಮಿನಿಯಂ. ಹುಯ್ಯುವ ಮುಂಚೆ ಕಣ್ಣಿಗೆ ಬಿತ್ತು, ಬಚಾವಾದೆವು. ಆವತ್ತಿನಿಂದ ಪಾತ್ರೆಗಳನ್ನು ಹಿಂದಿನ ದಿನವೇ ತರಿಸಿ ನೋಡುತ್ತೇನೆ.

## ಹಂತ 1: ಏನು ಮಾರಬಹುದು, ಏನು ಮಾರಬಾರದು

ಮೈಗೆ ಹಚ್ಚುವ ಸೋಪು ಮಾಡಿ ಮಾರಬೇಡಿ. ಅದು ಸೌಂದರ್ಯ ಸಾಮಗ್ರಿ. 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. ತಿನ್ನುವ ವಸ್ತುವೂ ಬೇಡ, ಅದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕಾಗುತ್ತದೆ. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್, ಬ್ಲೀಚಿಂಗ್ ಪುಡಿಯ ತಂಟೆಗಂತೂ ಹೋಗಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.

ಉಳಿಯುವುದು ಬಟ್ಟೆ ಒಗೆಯುವ ಸೋಪು, ಬಟ್ಟೆ ಸೋಡ (ವಾಷಿಂಗ್ ಸೋಡ, ಅಂದರೆ ಸೋಡಿಯಂ ಕಾರ್ಬೊನೇಟ್), ಆಮ್ಲ ಪ್ರತ್ಯಾಮ್ಲವನ್ನು ಬಣ್ಣದಿಂದ ತೋರಿಸುವ ಸೂಚಕ ಕಾಗದ. ಇಷ್ಟರಲ್ಲೇ ಮೂರೂ ಅಧ್ಯಾಯ ಮುಗಿಯುತ್ತವೆ.

ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿಯಿಂದ (ಶಾಲಾ ಅಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮಕ್ಕಳಿಂದ ಬಂಡವಾಳ ವಸೂಲಿ ಬೇಡ. ಇಷ್ಟು ಮಾರಲೇಬೇಕು ಅನ್ನುವ ಗುರಿಯೂ ಬೇಡ. ಹಣ ಶಿಕ್ಷಕರ ಕೈಯಲ್ಲಿ, ಲೆಕ್ಕ ಮಕ್ಕಳ ಪುಸ್ತಕದಲ್ಲಿ.

## ಹಂತ 2: ಹತ್ತು ಮನೆ, ಒಂದೇ ಕಷ್ಟ

ನಾಲ್ಕೈದು ಮಕ್ಕಳ ತಂಡ ಮಾಡಿ. ಪ್ರತಿ ತಂಡ ಹತ್ತು ಮನೆಯಲ್ಲಿ ಬಟ್ಟೆ ಒಗೆಯುವವರನ್ನು ಮಾತಾಡಿಸಲಿ. "ನಾವು ಸೋಪು ಮಾಡಿದರೆ ತಗೋತೀರಾ?" ಅಂತ ಕೇಳಬಾರದು. ಮಕ್ಕಳ ಮುಖ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ. ಕೇಳಬೇಕಾದ್ದು ನಡೆದ ಸಂಗತಿ: ಯಾವ ನೀರಲ್ಲಿ ಒಗೆಯುತ್ತೀರಿ? ಕಳೆದ ವಾರ ಯಾವ ಬಟ್ಟೆ ಸರಿಯಾಗಿ ಹೋಗಲಿಲ್ಲ? ಒಂದು ಸೋಪು ಎಷ್ಟು ದಿನ ಬರುತ್ತದೆ?

ನಮ್ಮ ಕಡೆ ಉತ್ತರ ಬೇಗ ಒಂದೇ ಕಡೆ ಬಂದು ನಿಲ್ಲುತ್ತದೆ. ಬೋರ್‌ವೆಲ್ ನೀರಲ್ಲಿ ನೊರೆ ಬರಲ್ಲ, ಸೋಪು ಜಾಸ್ತಿ ಖರ್ಚಾಗುತ್ತದೆ, ಬಕೆಟ್ಟಿನ ಅಂಚಿಗೆ ಬಿಳಿ ಗಸಿ ಕೂರುತ್ತದೆ. ಮಕ್ಕಳು ಈ ಮಾತು ಹೊತ್ತು ತಂದ ದಿನ ಗಡಸು ನೀರಿನ ಪಾಠ ಶುರು ಮಾಡಿ, ಒಂದು ದಿನವೂ ಮುಂಚೆ ಬೇಡ. ಪಾಠ ಮೊದಲು ಮಾಡಿದರೆ ಮಕ್ಕಳು ಮನೆಯವರ ಬಾಯಿಗೆ ಪಾಠದ ಉತ್ತರವನ್ನೇ ತುರುಕುತ್ತಾರೆ.

ಎಚ್ಚರಿಕೆಯ ಗುರುತು: ಎಲ್ಲ ತಂಡಗಳ ಹಾಳೆಯಲ್ಲೂ ಒಂದೇ ಥರ ವಾಕ್ಯಗಳಿದ್ದರೆ ಯಾರೂ ಮನೆಗೆ ಹೋಗಿಲ್ಲ ಅಂತ ಅರ್ಥ. ಮತ್ತೆ ಕಳಿಸಿ.

## ಹಂತ 3: ನೀರನ್ನು ಅಳೆಯಿರಿ

ಪ್ರತಿ ತಂಡವೂ ಮೂರು ಬಾಟಲಿ ನೀರು ತರಲಿ: ಬೋರ್‌ವೆಲ್ಲಿನದು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯದೋ ಕಾವೇರಿ ನಲ್ಲಿಯದೋ, ಮತ್ತು ಮಳೆ ನೀರು. ನಾಲೆಯ ನೀರನ್ನು ಮಕ್ಕಳು ಒಂಟಿಯಾಗಿ ಇಳಿದು ತುಂಬಬಾರದು. ದೊಡ್ಡವರೇ ತುಂಬಿ ಕೊಡಲಿ.

2 ಗ್ರಾಂ ಸೋಪನ್ನು ತುರಿದು 100 ಮಿಲಿ ಮಳೆ ನೀರಿನಲ್ಲಿ ಕರಗಿಸಿ. ನಳಿಕೆಯಲ್ಲಿ 10 ಮಿಲಿ ಪರೀಕ್ಷೆಯ ನೀರು ಹಾಕಿ. ಸೋಪಿನ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ, ಪ್ರತಿ ಹನಿಗೂ ಕುಲುಕಿ. ನೊರೆ ಒಂದು ನಿಮಿಷ ನಿಂತರೆ ಹನಿಗಳ ಎಣಿಕೆ ಬರೆದುಕೊಳ್ಳಿ. ಮಳೆ ನೀರಿಗೆ ಕೆಲವೇ ಹನಿ ಸಾಕು. ಬೋರ್‌ವೆಲ್ ನೀರು ಎಷ್ಟು ಹನಿ ಕುಡಿಯುತ್ತದೆ ಅನ್ನುವುದನ್ನು ಮಕ್ಕಳೇ ನೋಡಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಅಂಗಡಿಯ ಬಟ್ಟೆ ಬಿಲ್ಲೆಗಳಲ್ಲಿ ಹಲವು ಸೋಪೇ ಅಲ್ಲ, ಡಿಟರ್ಜೆಂಟ್. ಅದನ್ನು ಬಳಸಿದರೆ ಮೂರೂ ನೀರಲ್ಲಿ ನೊರೆ ಬಂದುಬಿಡುತ್ತದೆ. ಮಕ್ಕಳು "ವ್ಯತ್ಯಾಸ ಇಲ್ಲ" ಅಂತ ಬರೆದು ಮುಗಿಸುತ್ತಾರೆ. ಸ್ನಾನದ ಸೋಪು ಬಳಸಿ, ಪೊಟ್ಟಣದ ಮೇಲೆ ಸೋಪು ಅಂತ ಇದೆಯಾ ನೋಡಿಕೊಳ್ಳಿ. ಡಿಟರ್ಜೆಂಟನ್ನು ಬೇರೆ ನಳಿಕೆಯಲ್ಲಿ ಹೋಲಿಕೆಗೆ ಇಡಿ.

ಈಗ ಬಲಗಡೆ ಪುಟ. ಸೋಪು ಸೋಡಿಯಂ ಲವಣ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರ ಜೊತೆ ಸೇರಿ ಕರಗದ ಲವಣ ಆಗುತ್ತದೆ. ಬಕೆಟ್ಟಿನ ಬಿಳಿ ಗಸಿ ಅದೇ. ಎಡಗಡೆ ಪುಟ: ಬೋರ್‌ವೆಲ್ ನೀರಿಗೆ ಬೇಕಾದ ಹನಿಯಿಂದ ಮಳೆ ನೀರಿನ ಹನಿ ಕಳೆದರೆ, ಗಸಿಯಾಗಿ ಹಾಳಾದ ಸೋಪು ಎಷ್ಟು ಅಂತ ಸಿಗುತ್ತದೆ. ಒಂದು ಬಿಲ್ಲೆಯಲ್ಲಿ ಎಷ್ಟು ಪಾಲು ಮೋರಿ ಸೇರಿತು ಅಂತ ಮಕ್ಕಳು ರೂಪಾಯಿಯಲ್ಲಿ ಬರೆಯಲಿ.

## ಹಂತ 4: ಕಾಗದದ ಮೇಲೆ ಸೋಪು

ಇದು ಅತಿ ಮುಖ್ಯ ಹಂತ. ಲೆಕ್ಕ ಸರಿ ಬರದ ತಂಡಕ್ಕೆ ಎಣ್ಣೆ ಕೊಡಬೇಡಿ.

ಕೊಬ್ಬಿನ ಒಂದು ಅಣುವಿಗೆ ಸೋಡಿಯಂ ಹೈಡ್ರಾಕ್ಸೈಡಿನ ಮೂರು ಅಣು ಬೇಕು. ಬರುವುದು ಮೂರು ಸೋಪು, ಒಂದು ಗ್ಲಿಸರಾಲ್. ಕೊಬ್ಬಿನ ಒಂದೊಂದು ಅಣುವಿನಲ್ಲೂ ಕೊಬ್ಬಿನ ಆಮ್ಲದ ಮೂರು ಸರಪಳಿ ಇರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಅನ್ನುವ ಆಮ್ಲದ ಪಾಲು ದೊಡ್ಡದು. ಮೂರು ಲಾರಿಕ್ ಸರಪಳಿ ಇರುವ ಕೊಬ್ಬಿನ ಅಣುತೂಕ 638. ಸೋಡಿಯಂ ಹೈಡ್ರಾಕ್ಸೈಡಿನದು 40, ಮೂರಕ್ಕೆ 120. 120ನ್ನು 638ರಿಂದ ಭಾಗಿಸಿದರೆ 0.188. ಅಂದರೆ 1 ಗ್ರಾಂ ಎಣ್ಣೆಗೆ ಸುಮಾರು 0.188 ಗ್ರಾಂ ಕಾಸ್ಟಿಕ್. ಸೋಪು ಮಾಡುವವರ ಪಟ್ಟಿಯಲ್ಲಿ ಕೊಬ್ಬರಿ ಎಣ್ಣೆಗೆ ಇರುವ ಸಂಖ್ಯೆ 0.183. ಇಷ್ಟು ಹತ್ತಿರ ಬಂದದ್ದು ನೋಡಿ ಮಕ್ಕಳಿಗೆ ಆಗುವ ಖುಷಿ ಇದೆಯಲ್ಲ, ಸಮೀಕರಣ ಸರಿದೂಗಿಸುವುದು ಯಾಕೆ ಅಂತ ಆಮೇಲೆ ಯಾರೂ ಕೇಳುವುದಿಲ್ಲ. ಚಿಕ್ಕ ವ್ಯತ್ಯಾಸ ಯಾಕೆ? ಎಣ್ಣೆಯಲ್ಲಿ ಬೇರೆ ಉದ್ದದ ಸರಪಳಿಗಳೂ ಇವೆ. ಈ ಉತ್ತರವನ್ನು ಅವರಿಂದಲೇ ಹೊರಡಿಸಿ.

250 ಗ್ರಾಂ ಎಣ್ಣೆಗೆ 0.183 ಲೆಕ್ಕದಲ್ಲಿ 45.75 ಗ್ರಾಂ ಕಾಸ್ಟಿಕ್ ಬೇಕು. ಸುರಕ್ಷತೆಗೆ ನೂರಕ್ಕೆ 5ರಷ್ಟು ಕಮ್ಮಿ ಮಾಡಿ 43.5 ಗ್ರಾಂ ಹಾಕುತ್ತೇವೆ. ಸ್ವಲ್ಪ ಎಣ್ಣೆ ಉಳಿಯಲಿ, ಕಾಸ್ಟಿಕ್ ಉಳಿಯಬಾರದು. ನೀರು 95 ಗ್ರಾಂ.

ಇನ್ನು ಬೆಲೆ. ನಿಮ್ಮ ಊರಿನ ಈ ವಾರದ ದರವನ್ನೇ ಹಾಕಿ. ಉದಾಹರಣೆಗೆ ಕೊಬ್ಬರಿ ಎಣ್ಣೆ ಕಿಲೋಗೆ 400 ರೂಪಾಯಿ, ಕಾಸ್ಟಿಕ್ 200 ರೂಪಾಯಿ ಅಂತ ಇಟ್ಟುಕೊಳ್ಳೋಣ. ಎಣ್ಣೆಗೆ 100, ಕಾಸ್ಟಿಕ್ಕಿಗೆ 9, ಸುತ್ತುವ ಕಾಗದಕ್ಕೆ 6. ಒಟ್ಟು 115 ರೂಪಾಯಿಗೆ ಮೂರು ಬಿಲ್ಲೆ, ಒಂದಕ್ಕೆ 38 ರೂಪಾಯಿ ಅಸಲು. ಬಟ್ಟೆ ಸೋಪಿಗೆ ಇಷ್ಟು ಯಾರು ಕೊಡುತ್ತಾರೆ?

ಮಕ್ಕಳು ತಕ್ಷಣ "ಅಗ್ಗದ ಎಣ್ಣೆ ಹಾಕೋಣ" ಅನ್ನುತ್ತಾರೆ. ಪಾಠ ನಿಜವಾಗಿ ಶುರುವಾಗುವುದು ಇಲ್ಲಿ. 100 ಗ್ರಾಂ ಕೊಬ್ಬರಿ, 150 ಗ್ರಾಂ ಪಾಮ್ ಎಣ್ಣೆ ಹಾಕಿದರೆ ಬೆಲೆ ಇಳಿಯುತ್ತದೆ. ಆದರೆ ಪಾಮ್ ಎಣ್ಣೆಯ ಸರಪಳಿಗಳು ಉದ್ದ, ಒಂದೊಂದು ಅಣುವೂ ಭಾರ. ಅದೇ ತೂಕದಲ್ಲಿ ಅಣುಗಳು ಕಮ್ಮಿ ಇರುತ್ತವೆ, ಕಾಸ್ಟಿಕ್ಕೂ ಕಮ್ಮಿ ಬೇಕು. ಅದರ ಸಂಖ್ಯೆ ಸುಮಾರು 0.142. ಆಗ 18.3ಕ್ಕೆ 21.3 ಸೇರಿಸಿ 39.6 ಗ್ರಾಂ, 5ರಷ್ಟು ಕಳೆದು 37.6 ಗ್ರಾಂ. ನೀರು 85 ಗ್ರಾಂ ಸಾಕು. ಎಣ್ಣೆ ಬದಲಾಯಿಸಿ, ಕಾಸ್ಟಿಕ್ ಹಳೆಯ 43.5 ಗ್ರಾಮೇ ಹಾಕಿದರೆ ಸುಮಾರು 4 ಗ್ರಾಂ ಕಾಸ್ಟಿಕ್ ಸೋಪಿನೊಳಗೆ ಹಾಗೇ ಉಳಿಯುತ್ತದೆ. ಬಟ್ಟೆ ಒಗೆಯುವ ಅಮ್ಮನ ಕೈ ಸುಡುತ್ತದೆ.

ನಾನು ಕಂಡ ತಪ್ಪುಗಳಲ್ಲೆಲ್ಲಾ ಅಪಾಯದ್ದು ಇದೇ. ಹೊಂಗೆ ಎಣ್ಣೆ, ಬೇವಿನ ಎಣ್ಣೆ ಹಾಕುವವರೂ ಅದೇ ಎಣ್ಣೆಯ ಸಂಖ್ಯೆ ಹುಡುಕಿ ಹೊಸದಾಗಿ ಲೆಕ್ಕ ಹಾಕಲೇಬೇಕು.

## ಹಂತ 5: ಹುಯ್ಯುವ ದಿನ

ಕಾಸ್ಟಿಕ್ ಡಬ್ಬಿಯನ್ನು ಮುಟ್ಟುವುದು ಶಿಕ್ಷಕರು ಮಾತ್ರ. ತೂಗುವುದು, ಕರಗಿಸುವುದು, ಎಣ್ಣೆಗೆ ಸೇರಿಸುವುದು, ಕಡೆಯುವುದು ಎಲ್ಲಾ ನಿಮ್ಮ ಕೈಯಲ್ಲೇ. ಮಕ್ಕಳು ಕನ್ನಡಕ ಹಾಕಿಕೊಂಡು ಎರಡು ಮೀಟರ್ ದೂರದಲ್ಲಿ ನಿಂತು ಉಷ್ಣತೆ, ಸಮಯ ಬರೆದುಕೊಳ್ಳಲಿ. ಜಾಗ ಗಾಳಿಯಾಡುವಂತಿರಲಿ, ವರಾಂಡ ಆದರೆ ಒಳ್ಳೆಯದು.

ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಹುಯ್ಯಬಾರದು. ಹಾಗೆ ಹುಯ್ದರೆ ಕುದ್ದು ಚಿಮ್ಮುತ್ತದೆ. ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಿ. ಒಲೆಯೇ ಇಲ್ಲದೆ ಉಷ್ಣತೆ 80 ಡಿಗ್ರಿ ದಾಟಬಹುದು. ಬಹಿರುಷ್ಣಕ ಕ್ರಿಯೆ ಅನ್ನುವ ಪದವನ್ನು ಬೋರ್ಡಿನ ಮೇಲೆ ಬರೆಯುವ ಗಳಿಗೆ ಇದು.

ಚರ್ಮಕ್ಕೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ, ಆಮೇಲೆ ವೈದ್ಯರ ಹತ್ತಿರ ಹೋಗಿ. "ಪ್ರತ್ಯಾಮ್ಲ ಅಲ್ವಾ, ನಿಂಬೆರಸ ಹಾಕೋಣ" ಅಂತ ಮಕ್ಕಳು ಹೇಳುತ್ತಾರೆ. ಬೇಡ. ತಟಸ್ಥೀಕರಣದಲ್ಲೂ ಶಾಖ ಬರುತ್ತದೆ, ಗಾಯ ಹೆಚ್ಚಾಗುತ್ತದೆ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿ.

ದ್ರಾವಣವೂ ಎಣ್ಣೆಯೂ 40 ಡಿಗ್ರಿಯ ಆಸುಪಾಸಿಗೆ ಬಂದಾಗ ದ್ರಾವಣವನ್ನು ಎಣ್ಣೆಗೆ ನಿಧಾನವಾಗಿ ಬಿಟ್ಟು ಕಡೆಯಿರಿ. ಯಂತ್ರವಿಲ್ಲದೆ ಕಡೆಗೋಲಿನಲ್ಲೇ ಕಡೆದರೆ ಅರ್ಧ ಗಂಟೆಯೋ ಇನ್ನೂ ಜಾಸ್ತಿಯೋ ಹಿಡಿಯಬಹುದು. ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಎಳೆದ ಗೆರೆ ಹಾಗೇ ನಿಂತರೆ ಅಚ್ಚಿಗೆ ಹುಯ್ಯಿರಿ. ಎಣ್ಣೆ ಇನ್ನೂ ಮೇಲೆ ತೇಲುತ್ತಿದ್ದರೆ ಹುಯ್ಯಬೇಡಿ. ದೊಡ್ಡ ಅಚ್ಚಿಗಿಂತ ಚಿಕ್ಕ ಪ್ಲಾಸ್ಟಿಕ್ ಬಟ್ಟಲುಗಳು ವಾಸಿ. ಕೊಬ್ಬರಿ ಎಣ್ಣೆಯ ಸೋಪು ಬೇಗ ಗಟ್ಟಿಯಾಗುತ್ತದೆ. ಮಾರನೇ ದಿನ ಕತ್ತರಿಸಲು ಹೋದರೆ ಪುಡಿಪುಡಿಯಾಗುತ್ತದೆ.

ಕಾಸ್ಟಿಕ್ ಡಬ್ಬಿಯನ್ನು ತಕ್ಷಣ ಬಿಗಿಯಾಗಿ ಮುಚ್ಚಿ. ತೆರೆದಿಟ್ಟರೆ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅಂಟಂಟಾಗುತ್ತದೆ. ಆಮೇಲೆ ತೂಗಿದ 43.5 ಗ್ರಾಮಿನಲ್ಲಿ ಕಾಸ್ಟಿಕ್ ಎಷ್ಟಿದೆ ಅಂತಲೇ ಗೊತ್ತಾಗುವುದಿಲ್ಲ. ಹೋದ ವರ್ಷದ ಡಬ್ಬಿಯಲ್ಲಿ ಮಾಡಿದ ಸೋಪು ಗಟ್ಟಿಯಾಗದೆ ಎಣ್ಣೆ ಬಿಟ್ಟರೆ ಕಾರಣ ಸಾಮಾನ್ಯವಾಗಿ ಇದೇ.

## ಹಂತ 6: ಕಾಯುವುದು ಮತ್ತು ತೂಗುವುದು

ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ, ನೆರಳಿನಲ್ಲಿ, ಬೀಗ ಹಾಕಿದ ಕೋಣೆಯಲ್ಲಿಡಿ. ವಾರಕ್ಕೊಮ್ಮೆ ತೂಕ ಬರೆಯಿರಿ. ನಮ್ಮ ಒಂದು ತಂಡದ 120 ಗ್ರಾಂ ಬಿಲ್ಲೆ ಐದು ವಾರಕ್ಕೆ 106 ಗ್ರಾಂ ಆಯಿತು. ಹೋದದ್ದು ನೀರು. ಆ ತಂಡ ಲೇಬಲ್ಲಿನ ಮೇಲೆ ಆಗಲೇ 120 ಗ್ರಾಂ ಅಂತ ಬರೆದಿಟ್ಟಿತ್ತು. ಇದು ಗ್ರಾಹಕರಿಗೆ ಮೋಸವಾಗುತ್ತದಾ ಅಂತ ಮಕ್ಕಳು ಅವತ್ತು ಒಂದು ಪೀರಿಯಡ್ ಪೂರ್ತಿ ಚರ್ಚೆ ಮಾಡಿದರು. ನಾನು ತಡೆಯಲಿಲ್ಲ. ಕೊನೆಗೆ ಎಲ್ಲಾ ಲೇಬಲ್ ಹರಿದು ಹೊಸದು ಬರೆದರು.

ಸೋಪು ಹದವಾಗಿದೆಯಾ ಅಂತ ಲಿಟ್ಮಸ್ಸಿನಲ್ಲಿ ನೋಡಬೇಡಿ. ಒಳ್ಳೆಯ ಸೋಪೂ ಕೆಂಪು ಲಿಟ್ಮಸ್ಸನ್ನು ನೀಲಿ ಮಾಡುತ್ತದೆ, ಅರಿಶಿನದ ಕಾಗದವನ್ನು ಕೆಂಪು ಮಾಡುತ್ತದೆ. ಪಿಹೆಚ್ ಕಾಗದವೇ ಬೇಕು. 9ರಿಂದ 10 ಇದ್ದರೆ ಸರಿ. 11 ಅಥವಾ ಮೇಲೆ ಇದ್ದರೆ ಇನ್ನೆರಡು ವಾರ ಬಿಡಿ, ಆಗಲೂ ಇಳಿಯದಿದ್ದರೆ ಅದನ್ನು ಯಾರಿಗೂ ಕೊಡಬೇಡಿ. ಮೇಲೆ ತೆಳ್ಳಗೆ ಬಿಳಿ ಪುಡಿ ಕಂಡರೆ ಸಾಮಾನ್ಯವಾಗಿ ಅದು ಸೋಡಿಯಂ ಕಾರ್ಬೊನೇಟ್, ಒರೆಸಿದರೆ ಹೋಗುತ್ತದೆ. ಒಳಗೆ ಬಿಳಿ ಗಟ್ಟಿ ಹರಳುಗಳಿದ್ದರೆ ಕರಗದ ಕಾಸ್ಟಿಕ್ ಇರಬಹುದು, ಎಸೆಯಬೇಕು.

## ಹಂತ 7: ಸೋಪೇ ಬೇಕಾ ಅಂತ ಮತ್ತೆ ಕೇಳಿ

ಎಣ್ಣೆ ಬೆರೆಸಿದರೂ ಒಂದು ಬಿಲ್ಲೆ ಅಸಲು 25 ರೂಪಾಯಿಯ ಹತ್ತಿರ ಬರುತ್ತದೆ, ಗಡಸು ನೀರಲ್ಲಿ ಗಸಿಯೂ ಬರುತ್ತದೆ. ಹತ್ತು ಮನೆಯವರು ಹೇಳಿದ ಕಷ್ಟ ಸೋಪಿನದಲ್ಲ, ನೀರಿನದು. ಇದನ್ನು ನೀವು ಹೇಳಬೇಡಿ. ಹಂತ 2ರ ಹಾಳೆಗಳನ್ನು ಮತ್ತೆ ಕೈಗೆ ಕೊಟ್ಟು ಸುಮ್ನೆ ಕೂತುಕೊಳ್ಳಿ. ನನ್ನ ತರಗತಿಯಲ್ಲಿ ಒಂದು ತಂಡ ಸೋಪನ್ನೇ ಬಿಟ್ಟು ಬಟ್ಟೆ ಸೋಡ ಹಿಡಿಯಿತು. ಸೋಡ ನೀರಿನ ಕ್ಯಾಲ್ಸಿಯಮ್ಮನ್ನು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿ ತಳಕ್ಕೆ ಇಳಿಸುತ್ತದೆ, ಆಮೇಲೆ ಸೋಪು ಗಸಿಯಾಗಿ ಹಾಳಾಗುವುದು ಕಮ್ಮಿ. ಒಂದು ಪೊಟ್ಟಣ, ಒಂದು ಚಮಚ, ನಿಮ್ಮ ಬೀದಿಯ ನೀರಿಗೆ ಬಕೆಟ್ಟಿಗೆ ಎಷ್ಟು ಅಂತ ಬರೆದ ಒಂದು ಚೀಟಿ. ಅಷ್ಟೇ ಅವರ ಸರಕು.

ಆ ಚೀಟಿಯ ಹಿಂದೆ ಎಷ್ಟು ರಸಾಯನಶಾಸ್ತ್ರ ಇದೆ ನೋಡಿ. ಪಂಚಾಯ್ತಿಯ ನೀರಿನ ವರದಿಯಲ್ಲಿ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಅಂತ ಇದೆ ಅಂದುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ 200, ಬೇರೆ ಮೂಲ ಇಲ್ಲದಾಗ 600. ವರದಿಯ ಸಂಖ್ಯೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಇರುತ್ತದೆ. 20 ಲೀಟರ್ ಬಕೆಟ್ಟಿಗೆ 8 ಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕ 100, ನೀರಿಲ್ಲದ ಸೋಡಿಯಂ ಕಾರ್ಬೊನೇಟಿನದು 106. ಒಂದು ಅಣುವಿಗೆ ಒಂದೇ ಅಣು ಬೇಕು, ಹಾಗಾಗಿ ಬೇಕಾದ ಸೋಡ 8.5 ಗ್ರಾಂ.

ಆದರೆ ಬಟ್ಟೆ ಸೋಡದ ಹರಳಿನಲ್ಲಿ ಹತ್ತು ಅಣು ನೀರು ಸೇರಿದೆ. ಆಗ ಅಣುತೂಕ 286, ಬೇಕಾದದ್ದು ಸುಮಾರು 23 ಗ್ರಾಂ. 286ರಲ್ಲಿ 180 ನೀರಿನದೇ. ಅಂದರೆ ಒಂದು ಕಿಲೋ ಹರಳು ಕೊಂಡರೆ ಅದರಲ್ಲಿ ಸುಮಾರು 630 ಗ್ರಾಂ ನೀರು! ಹರಳು ಕಿಲೋಗೆ ಎಷ್ಟು, ಒಣ ಪುಡಿ ಕಿಲೋಗೆ ಎಷ್ಟು, ಯಾವುದು ನಿಜವಾಗಿ ಅಗ್ಗ ಅನ್ನುವುದು ಎಡಗಡೆ ಪುಟದ ಪ್ರಶ್ನೆ. ಸ್ಫಟಿಕ ಜಲವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಈವರೆಗೆ ಸಿಕ್ಕಿಲ್ಲ. ಹರಳು ಗಾಳಿಗೆ ಬಿಟ್ಟರೆ ನೀರು ಕಳೆದುಕೊಂಡು ಪುಡಿಯಾಗುತ್ತದೆ. ಆಗ ಅದೇ ಚಮಚದಲ್ಲಿ ಸೋಡ ಜಾಸ್ತಿ ಬೀಳುತ್ತದೆ. ಆದ್ದರಿಂದ ಪೊಟ್ಟಣ ಬಿಗಿಯಾಗಿರಬೇಕು ಅನ್ನುವುದನ್ನೂ ಮಕ್ಕಳೇ ಕಂಡುಹಿಡಿದರು.

ಲೆಕ್ಕ ಬಂದ ಮೇಲೆ ಹಂತ 3ರ ಹನಿ ಪರೀಕ್ಷೆ ಮತ್ತೆ ಮಾಡಿ. ಸೋಡ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ತಿಳಿ ನೀರಿನ ಹನಿ ಎಣಿಸಿ. ಮಳೆ ನೀರಿನಷ್ಟು ಕೆಳಗೆ ಇಳಿಯದೆ ಇರಬಹುದು. ಮೆಗ್ನೀಸಿಯಂ ಕಾರ್ಬೊನೇಟ್ ಸ್ವಲ್ಪ ಕರಗುತ್ತದೆ, ಪೂರ್ತಿ ತಳ ಸೇರುವುದಿಲ್ಲ. ಚೀಟಿಯ ಮೇಲೆ ಪ್ರಯೋಗದ ಫಲಿತಾಂಶವನ್ನೇ ಬರೆಯಬೇಕು, ಪುಸ್ತಕದ ಲೆಕ್ಕವನ್ನಲ್ಲ.

## ಹಂತ 8: ಲೇಬಲ್

ಪೊಟ್ಟಣದ ಸರಕಿನ ಮೇಲೆ ಹೆಸರು, ನಿವ್ವಳ ತೂಕ, ತಯಾರಿಸಿದವರ ವಿಳಾಸ, ತಿಂಗಳು ಮತ್ತು ವರ್ಷ, ಗರಿಷ್ಠ ಬೆಲೆ ಇರಬೇಕು ಅಂತ 2011ರ ಪೊಟ್ಟಣ ಸರಕು ನಿಯಮ ಹೇಳುತ್ತದೆ. ಶಾಲೆಯ ಮೇಳದ ಹತ್ತು ಪೊಟ್ಟಣ ಆದರೂ ಇವನ್ನು ಬರೆಸಿ, ಅಭ್ಯಾಸ ಆಗಲಿ.

ಜೊತೆಗೆ ಮೂರು ಎಚ್ಚರಿಕೆ ದೊಡ್ಡ ಅಕ್ಷರದಲ್ಲಿ ಇರಲಿ. ಇದು ಅಡುಗೆ ಸೋಡ ಅಲ್ಲ, ತಿನ್ನಬಾರದು. ಮಕ್ಕಳ ಕೈಗೆ, ಕಣ್ಣಿಗೆ ತಾಗದಂತೆ ಇಡಿ. ರೇಷ್ಮೆ ಸೀರೆಗೆ, ಉಣ್ಣೆಗೆ ಬಳಸಬೇಡಿ. ಮೂರನೆಯದನ್ನು ನಮ್ಮ ಜಿಲ್ಲೆಗಳಲ್ಲಿ ಮರೆಯುವ ಹಾಗೇ ಇಲ್ಲ. ರೇಷ್ಮೆ ಪ್ರೋಟೀನಿನ ಎಳೆ, ಪ್ರತ್ಯಾಮ್ಲ ಅದನ್ನು ಕೆಡಿಸುತ್ತದೆ. ಒಂದು ಮೈಸೂರು ಸಿಲ್ಕ್ ಸೀರೆ ಹಾಳಾದರೆ ಆ ಬೀದಿಯಲ್ಲಿ ನಿಮ್ಮ ಮಕ್ಕಳ ಮಾತು ಮತ್ತೆ ಯಾರೂ ಕೇಳುವುದಿಲ್ಲ.

## ಕಾಸ್ಟಿಕ್ ಬೇಡ ಅನ್ನುವ ಶಾಲೆಗಳಿಗೆ

ಹಂತ 5 ಮತ್ತು 6 ಬಿಟ್ಟು ನೇರವಾಗಿ ಸೋಡಕ್ಕೆ ಹೋಗಬಹುದು. ಇಲ್ಲವೇ ದಾಸವಾಳದ ಸೂಚಕ ಕಾಗದ ಮಾಡಿ ಪಕ್ಕದ ಶಾಲೆಗಳಿಗೆ ಕೊಡಬಹುದು. ಕೆಂಪು ದಾಸವಾಳದ ರಸ ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಎಷ್ಟು ದಿನಕ್ಕೆ ಬಣ್ಣ ಕೆಡುತ್ತದೆ ಅಂತ ತಿಳಿದರೆ ಮಾತ್ರ ಅದನ್ನು ಮಾರಬಹುದು.

ಮಂಡ್ಯದವರಿಗೆ ಇನ್ನೊಂದು ದಾರಿ ಆಲೆಮನೆ. ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕುತ್ತಾರೆ? ಹುಳಿ ಇಳಿಯದಿದ್ದರೆ ಕಾಯಿಸುವಾಗ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಬೆಲ್ಲ ಅಚ್ಚು ಕಟ್ಟುವುದಿಲ್ಲ. ಪಿಹೆಚ್ ಕಾಗದ ಹಿಡಿದು ಹೋಗಿ ಅಳೆಯಲಿ, ಸುಣ್ಣದ ಖರ್ಚು ಮತ್ತು ಕೆಟ್ಟ ಪಾಕದ ನಷ್ಟ ಹೋಲಿಸಲಿ. ಕುದಿಯುವ ಕೊಪ್ಪರಿಗೆಯಿಂದ ದೂರ ನಿಲ್ಲಿಸಿ.

## ಹಂತ 9: ಅಂಕ ಕೊಡುವುದು

ಮಾರಾಟದ ಹಣಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಅಂಗಡಿ ಇರುವ ಮನೆಯ ಮಗು ಗೆಲ್ಲುತ್ತದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಆ ಎರಡು ಪುಟದ ಪುಸ್ತಕವನ್ನೇ ನೋಡಿ. ಎಡಗಡೆಯ ಯಾವ ಸಾಲಿಗೆ ಬಲಗಡೆ ಕಾರಣ ಇಲ್ಲ ಅಂತ ಹುಡುಕಿ. ಆಮೇಲೆ ಪ್ರತಿ ಮಗುವಿಗೂ ಒಂದೊಂದೇ ಪ್ರಶ್ನೆ ಕೇಳಿ, ತಂಡಕ್ಕಲ್ಲ. "ನಾಳೆ ಪಾಮ್ ಎಣ್ಣೆ ಸಿಗದೆ ಪೂರ್ತಿ ಕೊಬ್ಬರಿ ಎಣ್ಣೆ ಹಾಕಿದರೆ ಪುಸ್ತಕದ ಯಾವ ಯಾವ ಸಂಖ್ಯೆ ಬದಲಾಗುತ್ತದೆ?" ಬರೀ ಬೆಲೆ ಅಂದ ಮಗುವನ್ನು ಹಂತ 4ಕ್ಕೆ ವಾಪಸ್ ಕರೆದುಕೊಂಡು ಹೋಗಿ. ಕಾಸ್ಟಿಕ್ಕಿನ ತೂಕ ಅಂದ ಮಗುವಿಗೆ ಯಾಕೆ ಅಂತ ಕೇಳಿ.

ಎಲ್ಲಾ ಕೊಟ್ಟ ಮೇಲೆ ಎರಡು ಬಿಲ್ಲೆ ಎತ್ತಿಡಿ. ತೂಕ, ಎಣ್ಣೆ, ಕಾಸ್ಟಿಕ್, ತಾರೀಖು ಬರೆದ ಚೀಟಿ ಕಟ್ಟಿ ಬೀರುವಿನಲ್ಲಿಡಿ. ಮುಂದಿನ ವರ್ಷ ಕಮಟುವಿಕೆಯ ಪಾಠಕ್ಕೆ ಅವನ್ನು ತೆಗೆದು, ಹೊಸ ಮಕ್ಕಳಿಗೆ ಮೂಸಿ ನೋಡಲು, ತೂಗಲು ಕೊಡಿ. ಕೇಸರಿ ಚುಕ್ಕೆ ಬಂದಿದ್ದರೆ ಅದು ಉಳಿದ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಉತ್ಕರ್ಷಣೆ ಆದ ಗುರುತು. ನಾವು ಕಮ್ಮಿ ಮಾಡಿದ ಆ 5ರಷ್ಟು ಕಾಸ್ಟಿಕ್ಕಿಗೂ ಆ ಚುಕ್ಕೆಗೂ ಏನು ಸಂಬಂಧ ಅಂತ ಅವರು ಚೀಟಿ ನೋಡಿ ಹೇಳಲಿ.